ಕೊಟ್ಟರೂ ಹೊಟ್ಟೆಗೆ ಹೋಗದ ಔಷಧಿ: ಚಳ್ಳಕೆರೆ ಕಡೆಯ ಒಂದು ಮಗುವಿನ ಪ್ರಕರಣ

ಎಚ್‌ಐವಿ ಇರುವ ಒಂದು ಹೆಣ್ಣು ಮಗು. ಚಿಕಿತ್ಸೆ ಶುರುವಾಗಿ ಆರು ತಿಂಗಳಾದರೂ ರಕ್ತದಲ್ಲಿ ವೈರಸ್ ಇಳಿಯಲಿಲ್ಲ. ಕಡತದಲ್ಲಿ ಒಂದು ಸಾಲು ಬಂತು: 'ಮನೆಯವರು ಔಷಧಿ ಸರಿಯಾಗಿ ಕೊಡುತ್ತಿಲ್ಲ.' ಇಂಥ ಸಾಲು ಎಷ್ಟೋ ಕಡತಗಳಲ್ಲಿ ಇರುತ್ತದೆ. ಈ ಮಗುವಿನ ವಿಷಯದಲ್ಲಿ ಅದು ನಿಜವಾಗಿರಲಿಲ್ಲ. ಅಜ್ಜಿ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ತಪ್ಪದೆ ಕೊಡುತ್ತಿದ್ದರು. ಕೊಟ್ಟದ್ದು ಮಗುವಿನ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಆ ಔಷಧಿಯನ್ನು ತಯಾರಿಸಿದ ರೀತಿಯೇ ಆ ಮನೆಗೆ, ಆ ಬಿಸಿಲಿಗೆ, ಆ ವಯಸ್ಸಿಗೆ ಒಗ್ಗುವಂತಿರಲಿಲ್ಲ.

ನಾನು ಈ ಭಾಗದ ಒಂದು ಎಆರ್‌ಟಿ ಕೇಂದ್ರದಲ್ಲಿ, ಅಂದರೆ ಎಚ್‌ಐವಿ ಇರುವವರಿಗೆ ಔಷಧಿ ಕೊಡುವ ಕೇಂದ್ರದಲ್ಲಿ, ಆಪ್ತ ಸಮಾಲೋಚಕಿ. ಜನ ಕೌನ್ಸೆಲರ್ ಮೇಡಂ ಅಂತ ಕರೆಯುತ್ತಾರೆ. ಮಗುವಿನ ಹೆಸರು, ಊರು ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017ರಲ್ಲಿ ಬಂತು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಒಪ್ಪಿಗೆ ಇಲ್ಲದೆ ಯಾರಿಗೆ ಸೋಂಕಿದೆ ಎಂದು ಹೊರಗೆ ಹೇಳುವಂತಿಲ್ಲ. ಕಾಯ್ದೆ ಇಲ್ಲದಿದ್ದರೂ ನಾನು ಹೇಳುತ್ತಿರಲಿಲ್ಲ. ಹಳ್ಳಿಯಲ್ಲಿ ಒಮ್ಮೆ ಈ ಮಾತು ಹೊರಬಿದ್ದರೆ ಅಂಗನವಾಡಿಯಿಂದ ಹಿಡಿದು ಮದುವೆ ಮಾತುಕತೆಯವರೆಗೆ ಬೆನ್ನು ಬಿಡುವುದಿಲ್ಲ.

ಮಗು ಮತ್ತು ಮನೆ

ಚಳ್ಳಕೆರೆ ಕಡೆ ಶೇಂಗಾ ಬೆಳೆಯುವ ಒಂದು ಊರು. ಗರ್ಭಿಣಿಯಾಗಿದ್ದಾಗ ತಾಯಿ ಗಂಡನ ಜೊತೆ ಬೇರೆ ಊರಿಗೆ ಕೂಲಿಗೆ ಹೋಗಿದ್ದಳು. ಹೆರಿಗೆಗೆ ಮೊದಲು ಆಗಬೇಕಿದ್ದ ರಕ್ತ ಪರೀಕ್ಷೆ ಆಗಲೇ ಇಲ್ಲ. ಆಗಿದ್ದರೆ ತಾಯಿಗೆ ಔಷಧಿ ಶುರುಮಾಡಿ, ಹುಟ್ಟಿದ ಮಗುವಿಗೂ ಕೆಲವು ವಾರ ಸಿರಪ್ ಕೊಟ್ಟು ಸೋಂಕನ್ನು ಬಹುಮಟ್ಟಿಗೆ ತಡೆಯಬಹುದಿತ್ತು. ಮಗು ಮೇಲಿಂದ ಮೇಲೆ ಕೆಮ್ಮು, ಭೇದಿ ಎಂದು ಸೊರಗುತ್ತಾ ಬಂದಾಗಲೇ ವಿಷಯ ಗೊತ್ತಾದದ್ದು. ಅಷ್ಟರಲ್ಲಿ ತಂದೆ ತೀರಿಕೊಂಡಿದ್ದ.

18 ತಿಂಗಳೊಳಗಿನ ಮಗುವಿಗೆ ಮಾಮೂಲಿ ಆಂಟಿಬಾಡಿ (ಸೋಂಕಿನ ವಿರುದ್ಧ ದೇಹ ತಯಾರಿಸುವ ಅಂಶ) ಪರೀಕ್ಷೆಯನ್ನೇ ನಂಬಿ ಕೂರಲು ಆಗುವುದಿಲ್ಲ. ತಾಯಿಯಿಂದ ಬಂದ ಆಂಟಿಬಾಡಿಗಳು ಮಗುವಿನ ರಕ್ತದಲ್ಲಿ ಇನ್ನೂ ಇರಬಹುದು. ಅದಕ್ಕೇ ನಾಲ್ಕಾರು ಹನಿ ರಕ್ತವನ್ನು ಕಾರ್ಡಿನ ಮೇಲೆ ಒಣಗಿಸಿ ಲ್ಯಾಬಿಗೆ ಕಳಿಸುತ್ತೇವೆ. ಅಲ್ಲಿ ವೈರಸ್ಸನ್ನೇ ಹುಡುಕುತ್ತಾರೆ. ವರದಿ ಬಂದಾಗ ಮಗುವಿಗೆ 16 ತಿಂಗಳು, ತೂಕ 7.2 ಕೆ.ಜಿ.

ಕಾಯುವಂತಿರಲಿಲ್ಲ. ಚಿಕಿತ್ಸೆ ಸಿಗದಿದ್ದರೆ, ತಾಯಿಯಿಂದ ಎಚ್‌ಐವಿ ಬಂದ ಮಕ್ಕಳಲ್ಲಿ ಅರ್ಧದಷ್ಟು ಎರಡು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತವೆ. ಹಸುಗೂಸುಗಳಿಗೆ ತಡಮಾಡದೆ ಔಷಧಿ ಶುರುಮಾಡಿದರೆ ಸಾವು 76% ಕಡಿಮೆಯಾಗುತ್ತದೆ ಎಂದು ದಕ್ಷಿಣ ಆಫ್ರಿಕಾದ ಒಂದು ಅಧ್ಯಯನ 2008ರಲ್ಲೇ ತೋರಿಸಿದೆ. ಈ ಮಗು ಆ ಮೊದಲ ತಿಂಗಳುಗಳನ್ನು ಆಗಲೇ ಕಳೆದುಕೊಂಡಿತ್ತು.

ತಾಯಿ ತಾನೂ ಔಷಧಿ ಶುರುಮಾಡಿಕೊಂಡು ಬೆಂಗಳೂರಿಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋದಳು. ಹೋಗದೆ ಬೇರೆ ದಾರಿ ಇರಲಿಲ್ಲ. ಮಗು ತವರುಮನೆಯಲ್ಲಿ ಅಜ್ಜಿಯ ಹತ್ತಿರ ಉಳಿಯಿತು. ಆ ಮನೆಯಲ್ಲಿ ಮಗುವಿನ ಸೋದರಮಾವ, ಅತ್ತೆ (ಅಜ್ಜಿಯ ಸೊಸೆ), ಅವರ ಮಕ್ಕಳೂ ಇದ್ದಾರೆ. ವಿಷಯ ಗೊತ್ತಿದ್ದದ್ದು ಅಜ್ಜಿಗೆ ಒಬ್ಬರಿಗೇ. ಅವರಿಗೆ ಓದಲು ಬರುವುದಿಲ್ಲ. ಮುಂದೆ ಹೇಳುವುದೆಲ್ಲ ಅರ್ಥವಾಗಬೇಕಾದರೆ ಈ ಎರಡು ಸಂಗತಿ ನೆನಪಿರಬೇಕು.

ಆ ಸಿರಪ್

ಮಗುವಿಗೆ ಕೊಟ್ಟದ್ದು ಮೂರು ಔಷಧಿ. ಅಬಕಾವಿರ್ ಮತ್ತು ಲ್ಯಾಮಿವುಡಿನ್ ಸೇರಿದ, ನೀರಿನಲ್ಲಿ ಕರಗುವ ಗುಳಿಗೆ. ಅದರಲ್ಲಿ ತೊಂದರೆ ಇರಲಿಲ್ಲ. ಜೊತೆಗೆ ಲೊಪಿನಾವಿರ್–ರಿಟೊನಾವಿರ್ ಸಿರಪ್, ದಿನಕ್ಕೆ ಎರಡು ಬಾರಿ ಒಂದೂವರೆ ಮಿ.ಲೀ. ವೈರಸ್ಸಿನ ವಿರುದ್ಧ ಇದು ಬಲವಾದ ಔಷಧಿ, ಅದರಲ್ಲಿ ಅನುಮಾನವಿಲ್ಲ. ಚಿಕ್ಕ ಮಕ್ಕಳಲ್ಲಿ ಹಳೆಯ ನೆವಿರಪಿನ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಆಫ್ರಿಕಾ ಮತ್ತು ಭಾರತದ ಮಕ್ಕಳ ಮೇಲೆ ನಡೆದ ಅಧ್ಯಯನದಿಂದ ಗೊತ್ತಾಗಿದೆ.

ಆದರೆ ಬಾಟಲಿಯೊಳಗೆ ಏನಿದೆ ನೋಡಿ. ಲೊಪಿನಾವಿರ್ ನೀರಿನಲ್ಲಿ ಕರಗುವುದಿಲ್ಲ. ಕರಗಿಸಲು ಆಲ್ಕೋಹಾಲ್ ಬೇಕು. ಹಾಗಾಗಿ ಈ ಸಿರಪ್ಪಿನಲ್ಲಿ ಸುಮಾರು 42% ಆಲ್ಕೋಹಾಲ್ ಇರುತ್ತದೆ, ನಮ್ಮಲ್ಲಿ ಮಾರುವ ವಿಸ್ಕಿಯಲ್ಲಿ ಇರುವಷ್ಟು. ಅದರ ಮೇಲೆ ಪ್ರೊಪಿಲೀನ್ ಗ್ಲೈಕಾಲ್ ಎಂಬ ಕರಗಿಸುವ ದ್ರವ ಬೇರೆ. ತೀರಾ ಎಳೆಯ ಕೂಸುಗಳಿಗೆ ಇದನ್ನು ಕೊಡಬಾರದು ಎಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ರುಚಿ ಎಂಥದ್ದು ಅಂತ ಒಂದು ಹನಿ ನಾಲಿಗೆಗೆ ಹಾಕಿಕೊಂಡರೆ ದೊಡ್ಡವರಿಗೇ ತಿಳಿಯುತ್ತದೆ. ಕಹಿ, ಉರಿ, ಆಮೇಲೆ ಲೋಹದಂಥ ಒಂದು ರುಚಿ ತುಂಬಾ ಹೊತ್ತು ಉಳಿಯುತ್ತದೆ.

ಮೂರನೆಯ ತೊಡಕು ತಂಪು. ಇದನ್ನು ಫ್ರಿಡ್ಜಿನಲ್ಲಿ ಇಡಬೇಕು. ಹೊರಗೆ ಇಟ್ಟರೆ 25 ಡಿಗ್ರಿಯೊಳಗೆ ಇರಬೇಕು, ಆಗಲೂ ಕೆಲವೇ ವಾರಗಳಲ್ಲಿ ಮುಗಿಸಬೇಕು. ಚಳ್ಳಕೆರೆ ಕಡೆ ಏಪ್ರಿಲ್‌ನಲ್ಲಿ ಶೀಟಿನ ಮನೆಯೊಳಗೆ 25 ಡಿಗ್ರಿ ಎಲ್ಲಿಂದ ತರುವುದು?

ಆರು ತಿಂಗಳಿಗೆ ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ನೋಡುವ ಪರೀಕ್ಷೆ, ಮಾಡಿಸಿದೆವು. 1000ದೊಳಗೆ ಬರಬೇಕಿದ್ದದ್ದು 38,000 ಬಂತು. ತೂಕ 8.1 ಕೆ.ಜಿ. ಆಗಿತ್ತು, ಆದರೂ ವಯಸ್ಸಿಗೆ ತಕ್ಕಷ್ಟಿರಲಿಲ್ಲ. ಮೊದಲೇ ಹೇಳಿದ ಆ ಸಾಲು ಕಡತಕ್ಕೆ ಬಂದದ್ದು ಆಗ.

ಮನೆಯಲ್ಲಿ ಕಂಡದ್ದು

ಲೆಕ್ಕ ಹೊಂದುತ್ತಿರಲಿಲ್ಲ. ಔಷಧಿ ಕೊಡದ ಮನೆಯಲ್ಲಿ ಬಾಟಲಿ ಮಿಗಬೇಕು. ಈ ಅಜ್ಜಿಯ ಬಾಟಲಿ ತಿಂಗಳು ತುಂಬುವ ಮೊದಲೇ ಖಾಲಿಯಾಗುತ್ತಿತ್ತು. ಫಾರ್ಮಸಿಯಲ್ಲಿ ಅದನ್ನು 'ಅಳತೆ ತಪ್ಪಿ ಜಾಸ್ತಿ ಕೊಡುತ್ತಿದ್ದಾರೆ' ಎಂದು ತಿಳಿದಿದ್ದರು. ಜಾಸ್ತಿ ಕೊಟ್ಟರೂ ವೈರಸ್ ಇಳಿದಿಲ್ಲ ಅಂದರೆ ಏನರ್ಥ? ಮನೆಗೆ ಹೋಗಿ ನೋಡುವುದು ಎಂದು ತೀರ್ಮಾನವಾಯಿತು. ಕೇಂದ್ರದ ಗುರುತಿನ ಚೀಟಿ ಹಾಕಿಕೊಳ್ಳದೆ, ಅಂಗನವಾಡಿ ಕಡೆಯ ಪರಿಚಯದವರ ಹಾಗೆ ಹೋದೆ.

ಅಜ್ಜಿ ಮರೆಮಾಚಲಿಲ್ಲ. "ಮೇಡಮ್ಮಾ, ಕೊಡಾದೇನೋ ಕೊಡ್ತೀನಿ. ಬಾಯಾಗೆ ಹಾಕಿದ್ ಕೂಡ್ಲೆ ಮಗ ಕಕ್ಕತೈತೆ. ಕಕ್ಕಿದ್ರೆ ಇನ್ನೊಂದಪ ಕೊಡ್ರಿ ಅಂದಿದ್ರಲ್ಲ, ಕೊಡ್ತೀನಿ. ಅದೂ ಕಕ್ಕತೈತೆ" ಅಂದರು. ಅವರು ಹೇಳಿದ್ದು ಸರಿ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಮತ್ತೆ ಕೊಡಿ ಎಂದು ನಾವೇ ಹೇಳುತ್ತೇವೆ. ಬಾಟಲಿ ಬೇಗ ಖಾಲಿಯಾಗುತ್ತಿದ್ದದ್ದು ಅದಕ್ಕೆ. ಎರಡನೇ ಸಲ ಕಕ್ಕಿದ ಮೇಲೆ ಮಗು ಅನ್ನವನ್ನೂ ಮುಟ್ಟುತ್ತಿರಲಿಲ್ಲ. ಅಜ್ಜಿ ಕೈಯಲ್ಲಿ ಏನು ಹಿಡಿದು ಬಂದರೂ ಬಾಯಿ ಬಿಗಿ ಹಿಡಿಯುತ್ತಿತ್ತು. ತೂಕ ಏರದಿರುವುದಕ್ಕೆ ಅದೂ ಒಂದು ಕಾರಣ.

ಫ್ರಿಡ್ಜ್ ಇರಲಿಲ್ಲವೇ ಎಂದರೆ, ಊರಿನ ಕಿರಾಣಿ ಅಂಗಡಿಯಲ್ಲಿ ಇತ್ತು. ಅಂಗಡಿಯವರು ಬೇಡ ಅನ್ನುವವರಲ್ಲ. ಆದರೆ ಬಾಟಲಿ ಅಲ್ಲಿಟ್ಟರೆ ಇದು ಯಾವುದರ ಔಷಧಿ, ಯಾರಿಗೆ, ಯಾಕೆ ಎಂಬ ಪ್ರಶ್ನೆಗಳು ಬರುತ್ತವೆ. ಅಲ್ಲಿಂದ ಸೊಸೆಯ ಕಿವಿಗೆ, ಸೊಸೆಯಿಂದ ಊರಿಗೆ. ಅಜ್ಜಿ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ, ನೀರಿನ ಗಡಿಗೆ ಕೆಳಗಿನ ಒದ್ದೆ ಮರಳಿನಲ್ಲಿ ಹುಗಿದಿಡುತ್ತಿದ್ದರು. ಮರಳು ಆರದಂತೆ ದಿನಾ ನೀರು ಹಾಕುತ್ತಿದ್ದರು. ಇವರನ್ನು ನಾವು 'ಔಷಧಿ ಸರಿಯಾಗಿ ಕೊಡದವರು' ಎಂದು ಬರೆದಿದ್ದೆವು.

ಔಷಧಿಯನ್ನು ತಂಪಾಗಿ ಇಡಬೇಕು ಎಂಬುದನ್ನು ನಾವು ತಾಂತ್ರಿಕ ಸೂಚನೆ ಎಂದು ತಿಳಿದಿರುತ್ತೇವೆ. ಫ್ರಿಡ್ಜ್ ಇಲ್ಲದ ಮನೆಗೆ ಅದು ಗುಟ್ಟು ರಟ್ಟಾಗುವ ಪ್ರಶ್ನೆ. ಫ್ಯಾಕ್ಟರಿಯಲ್ಲಿ ಔಷಧಿಯ ರೂಪ ನಿರ್ಧರಿಸುವವರಿಗೆ ಇದು ಗೊತ್ತಿರಬೇಕು.

ತಪ್ಪು ಅಜ್ಜಿಯದು ಎಂದುಕೊಂಡೇ ಮುಂದೆ ಹೋಗಿದ್ದರೆ ಏನಾಗುತ್ತಿತ್ತು? ಬುದ್ಧಿಮಾತು ಹೇಳುತ್ತಿದ್ದೆವು. ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸುತ್ತಿದ್ದೆವು. ವೈರಸ್ ಮತ್ತೆ ಮೇಲೆಯೇ ಇರುತ್ತಿತ್ತು. ಆಗ ಇದನ್ನು 'ಚಿಕಿತ್ಸೆ ವಿಫಲ' ಎಂದು ಪರಿಗಣಿಸಿ ಎರಡನೇ ಸಾಲಿನ ಔಷಧಿಗೆ (ಮೊದಲು ಕೊಟ್ಟದ್ದು ಕೆಲಸ ಮಾಡದಾಗ ಕೊಡುವ ಔಷಧಿಗೆ) ಕಳಿಸುವ ಮಾತು ಬರುತ್ತಿತ್ತು. ಈ ಮಗು ಜೀವನಪೂರ್ತಿ ಔಷಧಿ ತೆಗೆದುಕೊಳ್ಳಬೇಕು, ಮಕ್ಕಳಿಗೆ ಇರುವ ಔಷಧಿಗಳೇ ಬೆರಳೆಣಿಕೆಯಷ್ಟು. ಒಂದು ಔಷಧಿ ನಿಜವಾಗಿ ಸೋತಿದೆಯೋ ಅಥವಾ ಅದು ಒಳಗೆ ಹೋಗೇ ಇಲ್ಲವೋ ಎಂದು ನೋಡದೆ ಬದಲಾಯಿಸಿದರೆ ಮುಂದಿನ ದಾರಿಯನ್ನು ನಾವೇ ಕಿರಿದು ಮಾಡಿದಂತೆ.

ತಕ್ಷಣಕ್ಕೆ ಮಾಡಿದ್ದು ಒಂದು ಚಿಕ್ಕ ಉಪಾಯ. ಹುರಿದ ಶೇಂಗಾ ನುಣ್ಣಗೆ ಅರೆದು, ಬೆಲ್ಲ ಸೇರಿಸಿ, ಮೊದಲು ಮಗುವಿನ ನಾಲಿಗೆಗೆ ಸವರುವುದು. ಎಣ್ಣೆ ಅಂಶ ನಾಲಿಗೆಗೆ ಅಂಟಿಕೊಂಡರೆ ಕಹಿ ಅಷ್ಟಾಗಿ ಹತ್ತುವುದಿಲ್ಲ. ಬೇರೆ ದೇಶಗಳಲ್ಲಿ ಪೀನಟ್ ಬಟರ್ ಕೊಡುತ್ತಾರೆ. ಚಳ್ಳಕೆರೆಯಲ್ಲಿ ಶೇಂಗಾಗೆ ಬರವೇ? ಸ್ವಲ್ಪ ಅನುಕೂಲ ಆಯಿತು. ಕಕ್ಕುವುದು ನಿಲ್ಲಲಿಲ್ಲ, ಕಡಿಮೆಯಾಯಿತು.

ಕಾಳಿನ ಕ್ಯಾಪ್ಸೂಲ್

ಆಮೇಲೆ ಅದೇ ಲೊಪಿನಾವಿರ್–ರಿಟೊನಾವಿರ್ ಔಷಧಿಯ ಇನ್ನೊಂದು ರೂಪ ಸಿಕ್ಕಿತು. ಕ್ಯಾಪ್ಸೂಲ್ ಬಿಚ್ಚಿದರೆ ಒಳಗೆ ಸಣ್ಣ ಸಣ್ಣ ಕಾಳು. ಆಲ್ಕೋಹಾಲ್ ಇಲ್ಲ, ಫ್ರಿಡ್ಜ್ ಬೇಡ. ಭಾರತದ ಸಿಪ್ಲಾ ಕಂಪನಿ ಮಾಡಿದ ಈ ರೂಪಕ್ಕೆ ಎಫ್‌ಡಿಎ 2015ರಲ್ಲಿ ತಾತ್ಕಾಲಿಕ ಅನುಮೋದನೆ ಕೊಟ್ಟಿತ್ತು. ಕೀನ್ಯಾ, ಉಗಾಂಡ, ಟಾಂಜಾನಿಯಾದ ಮಕ್ಕಳಿಗೆ ಇದನ್ನು ಕೊಟ್ಟು ಅಧ್ಯಯನ ಮಾಡಿದ್ದಾರೆ.

ನಮ್ಮ ಮಗುವಿನ ತೂಕಕ್ಕೆ ಬೆಳಿಗ್ಗೆ ಮೂರು, ರಾತ್ರಿ ಮೂರು ಕ್ಯಾಪ್ಸೂಲ್. ಕಾಳುಗಳನ್ನು ಮೆತ್ತನೆಯ ಅನ್ನ ಅಥವಾ ರಾಗಿ ಅಂಬಲಿಯ ಮೇಲೆ ಉದುರಿಸಿ, ಜಗಿಯದಂತೆ ನುಂಗಿಸಬೇಕು. ಅರೆಯಬಾರದು, ಪುಡಿ ಮಾಡಬಾರದು. ಎರಡು ವರ್ಷದ ಮಗುವಿಗೆ ಜಗಿಯಬೇಡ ಎಂದು ಹೇಳುವುದು ಹೇಗೆ? ಒಂದೇ ಒಂದು ಕಾಳು ಹಲ್ಲಿಗೆ ಸಿಕ್ಕರೆ ಕಹಿ ಪೂರಾ ಬಾಯಿಗೆ ಹರಡುತ್ತದೆ. ಆದರೂ ಸಿರಪ್ಪಿಗಿಂತ ಇದು ಎಷ್ಟೋ ಮೇಲು. ಮರಳಿನಲ್ಲಿ ಹುಗಿಯುವ ಕೆಲಸ ತಪ್ಪಿತು, ವಾಂತಿ ಅಪರೂಪವಾಯಿತು. ಮುಂದಿನ ವೈರಲ್ ಲೋಡ್ ಕೆಲವು ನೂರಕ್ಕೆ ಇಳಿಯಿತು. ಔಷಧಿ ಅದೇ, ಕೊಡುವ ಕೈ ಅದೇ. ಬದಲಾದದ್ದು ರೂಪ ಮಾತ್ರ.

ಮಕ್ಕಳ ಔಷಧಿ ಯಾಕೆ ತಡ

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗಬೇಕು. ನಮ್ಮ ದೇಶದಲ್ಲಿ ಸರ್ಕಾರದ ಉಚಿತ ಎಆರ್‌ಟಿ 2004ರ ಏಪ್ರಿಲ್‌ನಲ್ಲಿ ಶುರುವಾಯಿತು. ಮಕ್ಕಳಿಗೆಂದೇ ಕಾರ್ಯಕ್ರಮ ಬಂದದ್ದು 2006ರ ಕೊನೆಗೆ. ಮೂರು ಔಷಧಿ ಸೇರಿದ ಮಕ್ಕಳ ಗುಳಿಗೆಗೆ ಎಫ್‌ಡಿಎ ತಾತ್ಕಾಲಿಕ ಅನುಮೋದನೆ 2007ರಲ್ಲಿ ಸಿಕ್ಕಿತು. ಅದಕ್ಕೆ ಮೊದಲು ದೊಡ್ಡವರ ಗುಳಿಗೆಯನ್ನು ಮುರಿದು, ಪುಡಿ ಮಾಡಿ ಅಂದಾಜಿನಲ್ಲಿ ಕೊಡುವುದು ಎಲ್ಲೆಡೆ ಇತ್ತು.

ತಡಕ್ಕೆ ಕಾರಣ ಮಾರುಕಟ್ಟೆ. ಶ್ರೀಮಂತ ದೇಶಗಳಲ್ಲಿ ಗರ್ಭಿಣಿಯರಿಗೆ ಪರೀಕ್ಷೆ, ಚಿಕಿತ್ಸೆ ಆಗುವುದರಿಂದ ಎಚ್‌ಐವಿ ಜೊತೆ ಹುಟ್ಟುವ ಮಕ್ಕಳು ತೀರಾ ಕಡಿಮೆ. ಇಂಥ ಮಕ್ಕಳು ಹೆಚ್ಚಾಗಿರುವುದು ಬಡ ದೇಶಗಳಲ್ಲಿ. ಅವರಿಗಾಗಿ ಹೊಸ ರೂಪ ಕಂಡುಹಿಡಿಯುವುದರಲ್ಲಿ ಕಂಪನಿಗಳಿಗೆ ಲಾಭ ಕಾಣುವುದಿಲ್ಲ. ಕೆಲಸವೂ ಸುಲಭವಲ್ಲ. ಎಳೆಯ ಮಗುವಿನ ಲಿವರ್, ಕಿಡ್ನಿ ಔಷಧಿಯನ್ನು ದೊಡ್ಡವರ ಹಾಗೆ ಅರಗಿಸುವುದಿಲ್ಲ. ಪ್ರತಿ ತೂಕಕ್ಕೂ ಬೇರೆ ಅಳತೆ ಬೇಕು, ಆ ಅಳತೆಯನ್ನು ಮಕ್ಕಳಲ್ಲೇ ಪರೀಕ್ಷಿಸಿ ಖಚಿತ ಮಾಡಬೇಕು, ಕಹಿ ಮುಚ್ಚಬೇಕು. ಇದರ ಫಲ ಅಂಕಿಯಲ್ಲಿ ಕಾಣುತ್ತದೆ. ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮದ ಪ್ರಕಾರ 2023ರಲ್ಲಿ ಎಚ್‌ಐವಿ ಇರುವ ದೊಡ್ಡವರಲ್ಲಿ 77% ಜನರಿಗೆ ಚಿಕಿತ್ಸೆ ಸಿಗುತ್ತಿತ್ತು. 14 ವರ್ಷದವರೆಗಿನ ಮಕ್ಕಳಲ್ಲಿ 57% ಮಾತ್ರ.

ಇರುವ ಸಿರಪ್ಪೂ ಸಿಗದ ದಿನಗಳಿದ್ದವು. 2017ರಲ್ಲಿ ದೇಶದ ಹಲವು ಕಡೆ ಇದೇ ಲೊಪಿನಾವಿರ್ ಸಿರಪ್ ಖಾಲಿಯಾಗಿ, ಎಚ್‌ಐವಿ ಇರುವ ಮಕ್ಕಳೇ ಪ್ರಧಾನಿಗೆ ಪತ್ರ ಬರೆದರು. ಔಷಧಿ ಕೊಡಿ ಎಂದು ಮಕ್ಕಳು ಪತ್ರ ಬರೆಯುವ ಸ್ಥಿತಿ ಯಾವ ದೇಶಕ್ಕೂ ಬರಬಾರದು.

ಕರಗುವ ಗುಳಿಗೆ

ಡೊಲುಟೆಗ್ರಾವಿರ್ ಎಂಬ ಎಚ್‌ಐವಿ ಔಷಧಿ ದೊಡ್ಡವರಿಗೆ ಬಂದು ವರ್ಷಗಳಾಗಿದ್ದವು. ಅದರ 50 ಮಿ.ಗ್ರಾಂ ಗುಳಿಗೆಯನ್ನೇ ಮುರಿದು ಕೊಡಬಹುದಲ್ವಾ ಎಂದು ಕೆಲವರು ಕೇಳುತ್ತಾರೆ. ಆಗುವುದಿಲ್ಲ. ನೀರಿನಲ್ಲಿ ಕರಗುವ ರೂಪದಲ್ಲಿ ಈ ಔಷಧಿ ರಕ್ತಕ್ಕೆ ಹೆಚ್ಚು ಸೇರುತ್ತದೆ. ಕರಗುವ 30 ಮಿ.ಗ್ರಾಂ, ದೊಡ್ಡವರ ಗುಳಿಗೆಯ 50 ಮಿ.ಗ್ರಾಂಗೆ ಸಮ. ಮುರಿದು ಲೆಕ್ಕ ಹಾಕಿದರೆ ಅಳತೆ ತಪ್ಪುತ್ತದೆ.

ಎಫ್‌ಡಿಎ 2020ರ ಜೂನ್‌ನಲ್ಲಿ ನಾಲ್ಕು ವಾರ ದಾಟಿದ, 3 ಕೆ.ಜಿ. ಮೇಲಿನ ಮಕ್ಕಳಿಗೆ ಡೊಲುಟೆಗ್ರಾವಿರ್‌ನ ಕರಗುವ ಗುಳಿಗೆಯನ್ನು ಒಪ್ಪಿತು. ಅದೇ ವರ್ಷ ನವೆಂಬರ್‌ನಲ್ಲಿ 10 ಮಿ.ಗ್ರಾಂನ ಜೆನೆರಿಕ್ (ಮೂಲ ಕಂಪನಿ ಬಿಟ್ಟು ಬೇರೆಯವರು ತಯಾರಿಸುವ ಅದೇ ಔಷಧಿಯ) ಗುಳಿಗೆಗೂ ತಾತ್ಕಾಲಿಕ ಅನುಮೋದನೆ ಸಿಕ್ಕಿತು. ಮಧ್ಯದಲ್ಲಿ ಗೆರೆ, ಸ್ಟ್ರಾಬೆರಿ ರುಚಿ, ಆಗ ಒಂದು ಮಗುವಿಗೆ ವರ್ಷಕ್ಕೆ 36 ಡಾಲರ್‌ಗಿಂತ ಕಡಿಮೆ ಬೆಲೆ. ಇಷ್ಟು ಬೇಗ ಜೆನೆರಿಕ್ ಬಂದದ್ದಕ್ಕೆ ಒಂದು ಕಾರಣ, ಮೂಲ ಕಂಪನಿ ಮಕ್ಕಳ ಡೊಲುಟೆಗ್ರಾವಿರ್‌ನ ಪರವಾನಗಿಯನ್ನು 2014ರಲ್ಲೇ, ಬೇರೆ ಕಂಪನಿಗಳೂ ತಯಾರಿಸಲು ಅನುವಾಗುವಂತೆ, ಮೆಡಿಸಿನ್ಸ್ ಪೇಟೆಂಟ್ ಪೂಲ್‌ಗೆ ಕೊಟ್ಟದ್ದು. ಇನ್ನೊಂದು, ಯುನಿಟೈಡ್ ಮತ್ತು ಕ್ಲಿಂಟನ್ ಹೆಲ್ತ್ ಆಕ್ಸೆಸ್ ಇನಿಶಿಯೇಟಿವ್ ಎಂಬ ಸಂಸ್ಥೆಗಳು ಹಣ ಹಾಕಿ ತಯಾರಕರನ್ನು ಮುಂದೆ ತಂದದ್ದು. ಮನಸ್ಸು ಮಾಡಿದರೆ ಆಗುತ್ತದೆ ಅನ್ನುವುದಕ್ಕೆ ನನಗೆ ಇದಕ್ಕಿಂತ ಸಾಕ್ಷಿ ಬೇಡ. ಔಷಧಿಯ ಬಲದ ಬಗ್ಗೆಯೂ ಅನುಮಾನವಿರಲಿಲ್ಲ. ಆಫ್ರಿಕಾ, ಥಾಯ್ಲೆಂಡ್, ಯುರೋಪಿನ, 14 ಕೆ.ಜಿ. ಮತ್ತು ಅದಕ್ಕೂ ಹೆಚ್ಚು ತೂಕದ ಮಕ್ಕಳಲ್ಲಿ ನಡೆದ ಒಡಿಸ್ಸಿ ಅಧ್ಯಯನದಲ್ಲಿ 96 ವಾರಗಳಲ್ಲಿ ಡೊಲುಟೆಗ್ರಾವಿರ್ ತೆಗೆದುಕೊಂಡವರಲ್ಲಿ 14% ಮಕ್ಕಳಿಗೆ ಚಿಕಿತ್ಸೆ ಫಲಿಸಲಿಲ್ಲ. ಬೇರೆ ಔಷಧಿ ತೆಗೆದುಕೊಂಡವರಲ್ಲಿ ಅದು 22%.

ಈ ಗುಳಿಗೆ ನಮ್ಮ ಕೈಗೆ ಬಂದಾಗ ಮಗುವಿಗೆ ಮೂರು ವರ್ಷದ ಹತ್ತಿರ, ತೂಕ 10.4 ಕೆ.ಜಿ. ಆ ತೂಕಕ್ಕೆ ದಿನಕ್ಕೆ ಒಂದೇ ಬಾರಿ ಎರಡು ಗುಳಿಗೆ. ಅಬಕಾವಿರ್–ಲ್ಯಾಮಿವುಡಿನ್‌ನ ಹೊಸ ಅಳತೆಯದೂ ಎರಡೇ. 10 ಕೆ.ಜಿ. ದಾಟದಿದ್ದರೆ ಒಂದೂವರೆ ಕೊಡಬೇಕಿತ್ತು. ಮುರಿಯುವ ತಾಪತ್ರಯ ತಪ್ಪಿದ್ದು ಅಜ್ಜಿಗೆ ದೊಡ್ಡ ಸಮಾಧಾನ.

ಕೊಡುವ ಕ್ರಮವನ್ನು ಓದದೆಯೂ ನೆನಪಿಡುವ ಹಾಗೆ ಹೇಳಿಕೊಡಬೇಕಿತ್ತು. ಆ ಮನೆಯಲ್ಲಿ ಕೂಸುಗಳಿಗೆ ಹಾಲು ಕುಡಿಸಲು ಇಟ್ಟಿದ್ದ ಹಳೆಯ ಒಳಲೆ ಇತ್ತು. ಅದರಲ್ಲಿ ಎರಡು ಚಮಚ ಕಾಯಿಸಿ ಆರಿಸಿದ ನೀರು, ನಾಲ್ಕೂ ಗುಳಿಗೆ ಒಟ್ಟಿಗೆ. ಕರಗುವವರೆಗೆ ಅಲ್ಲಾಡಿಸಿ, ತಡಮಾಡದೆ ಕುಡಿಸುವುದು. ಆಮೇಲೆ ಒಳಲೆಗೆ ಇನ್ನೊಂದು ಚಮಚ ನೀರು ಹಾಕಿ, ತಳದಲ್ಲಿ ಅಂಟಿದ್ದನ್ನು ಕದಡಿ ಅದನ್ನೂ ಕುಡಿಸುವುದು. ಈ ಕೊನೆಯ ಗುಟುಕು ಬಿಟ್ಟರೆ ಔಷಧಿಯ ಒಂದು ಪಾಲು ಪಾತ್ರೆಯಲ್ಲೇ ಉಳಿಯುತ್ತದೆ. ಅಜ್ಜಿ ನನ್ನೆದುರೇ ಮಾಡಿ ತೋರಿಸಿದರು. ಮಗು ಕುಡಿದು ಒಳಲೆಗೆ ಮತ್ತೆ ಕೈ ಚಾಚಿತು.

ಒಂದು ತೊಡಕು ಮಾತ್ರ ನಾವು ಮೊದಲೇ ಯೋಚಿಸಬೇಕಿತ್ತು, ಯೋಚಿಸಿದೆವು. ಅಂಗನವಾಡಿ ವಯಸ್ಸಿನ ಮಕ್ಕಳಿಗೆ ವಾರಕ್ಕೆರಡು ಸಲ ಕಬ್ಬಿಣಾಂಶದ ಸಿರಪ್ ಕೊಡುತ್ತಾರೆ. ಕಬ್ಬಿಣ, ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್ ಜೊತೆ ಸೇರಿಕೊಂಡರೆ ಔಷಧಿ ರಕ್ತಕ್ಕೆ ಹೋಗುವುದು ಕಡಿಮೆಯಾಗುತ್ತದೆ. ಕಬ್ಬಿಣಾಂಶ ಕೊಟ್ಟು ಆರು ಗಂಟೆಯಾದ ಮೇಲೆ, ಇಲ್ಲವೇ ಎರಡು ಗಂಟೆ ಮೊದಲು ಡೊಲುಟೆಗ್ರಾವಿರ್ ಕೊಡಬೇಕು. ಅಂಗನವಾಡಿಯಲ್ಲಿ ಕೊಡುವುದು ಬೆಳಿಗ್ಗೆ ಹೊತ್ತು. ಹಾಗಾಗಿ ಇದನ್ನು ರಾತ್ರಿ ಊಟವಾದ ಮೇಲೆ ಕೊಡುವುದು ಎಂದು ಮಾಡಿದೆವು. ಅಂಗನವಾಡಿ ಟೀಚರಿಗೆ ಏನನ್ನೂ ವಿವರಿಸಬೇಕಾಗಲಿಲ್ಲ. ಸೊಸೆ ಮಲಗಿದ ಮೇಲೆ ಕೊಡಬಹುದಾದ್ದರಿಂದ ಅಜ್ಜಿಗೂ ಅದೇ ಹೊತ್ತು ಬೇಕಿತ್ತು.

ಆರು ತಿಂಗಳಿಗೆ ಮಾಡಿಸಿದ ವೈರಲ್ ಲೋಡಿನಲ್ಲಿ ವೈರಸ್ ಪತ್ತೆಯಾಗಲಿಲ್ಲ. ಮಗು ಊಟಕ್ಕೆ ಹಟ ಮಾಡುವುದು ಬಿಟ್ಟಿತು. ಕಡತದ ಹಳೆಯ ಸಾಲಿನ ಪಕ್ಕ ವೈದ್ಯರು ಹೊಸದಾಗಿ ಬರೆದರು: ಔಷಧಿಯ ರೂಪ ಹೊಂದದೆ ವಾಂತಿ, ಪಾಲಕರು ಶ್ರದ್ಧೆಯಿಂದ ಕೊಟ್ಟಿದ್ದಾರೆ.

ಇನ್ನೂ ಉಳಿದದ್ದು

ತೂಕ ಏರಿದಂತೆ ಗುಳಿಗೆ ಹೆಚ್ಚಾಗಬೇಕು. 14 ಕೆ.ಜಿ. ದಾಟಿದಾಗ ಎರಡೂವರೆ, ಮತ್ತೆ ಮುರಿಯುವ ಕೆಲಸ. ಅದಕ್ಕೇ ಪ್ರತಿ ಭೇಟಿಯಲ್ಲೂ ಔಷಧಿ ಕೊಡುವ ಮೊದಲು ತೂಕ ನೋಡಬೇಕು. ತೂಕದ ಯಂತ್ರ ಒಂದು ಕೋಣೆಯಲ್ಲಿ, ಫಾರ್ಮಸಿ ಇನ್ನೊಂದು ಕೋಣೆಯಲ್ಲಿ ಇದ್ದರೆ ಈ ಹೆಜ್ಜೆ ಸುಲಭವಾಗಿ ತಪ್ಪುತ್ತದೆ.

ಅಬಕಾವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಒಂದೇ ಗುಳಿಗೆಯಲ್ಲಿ ಸೇರಿದ, ಕರಗುವ ರೂಪವನ್ನು ಎಫ್‌ಡಿಎ 2022ರ ಮಾರ್ಚ್‌ನಲ್ಲಿ ಒಪ್ಪಿದೆ. ಅದು ಪ್ರತಿ ಮಗುವಿನ ಮನೆಗೂ ಬರಬೇಕು. ಎರಡು ಡಬ್ಬಿ ಬಚ್ಚಿಡುವುದಕ್ಕಿಂತ ಒಂದನ್ನು ಬಚ್ಚಿಡುವುದು ಸುಲಭ. 20 ಕೆ.ಜಿ. ಆದಾಗ ಡೊಲುಟೆಗ್ರಾವಿರ್‌ನ ದೊಡ್ಡವರ ಗುಳಿಗೆ ನುಂಗಬಹುದು. ಅಷ್ಟರಲ್ಲಿ ನುಂಗುವುದನ್ನು ಕಲಿಸಬೇಕು.

ತನಗೆ ಯಾಕೆ ದಿನಾ ಗುಳಿಗೆ ಎಂದು ಮಗು ಕೇಳತೊಡಗಿದೆ. ಮೈಯಲ್ಲಿ ಶಕ್ತಿ ಬರಲಿ ಅಂತ, ಎಂದು ಅಜ್ಜಿ ಹೇಳುತ್ತಾರೆ. ಸದ್ಯಕ್ಕೆ ಅಷ್ಟು ಸಾಕು, ಅದು ಸುಳ್ಳೂ ಅಲ್ಲ. ಶಾಲೆಗೆ ಹೋಗುವ ವಯಸ್ಸಿನಲ್ಲಿ ವಯಸ್ಸಿಗೆ ತಕ್ಕಂತೆ ಸ್ವಲ್ಪ ಸ್ವಲ್ಪವಾಗಿ ಹೇಳುತ್ತಾ ಹೋಗಬೇಕು. ಅದನ್ನು ಯಾರು, ಯಾವಾಗ ಶುರುಮಾಡಬೇಕು ಎಂದು ತಾಯಿ ಬೆಂಗಳೂರಿನಿಂದ ಬಂದಾಗ ಮೂವರೂ ಕೂತು ಮಾತಾಡುವುದಿದೆ.